ಕ್ಷಣವು ಸೆತ್ಸುನಾ ಆದ ಕಥೆ

ಕಳೆದ ದೀಪಾವಳಿಯ ಮರುದಿನ ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ಒರಗಿಕೊಂಡಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೋಡಲು ಬಂದ. ಈಗ ನಲವತ್ತರ ಆಸುಪಾಸಿನ ಗೃಹಸ್ಥ. ತ್ಯಾವಣಿಗೆಯಲ್ಲಿ ಓದಿ, ದಾವಣಗೆರೆಯಲ್ಲಿ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಹೊರವಲಯದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕನಾಗಿದ್ದಾನೆ. ಕುಶಲ ಪ್ರಶ್ನೆಗಳಾದವು, ಈ ಸಲ ನಾಲೆಗೆ ನೀರು ಬಿಟ್ಟದ್ದು, ಅಡಿಕೆಯ ಧಾರಣೆ ಎಲ್ಲವೂ ಆದವು. ಮನೆಯವರು ಚಹಾ, ಮಂಡಕ್ಕಿ ತಂದಿಟ್ಟರು. ಆತ ಚೀಲದಿಂದ ರಬ್ಬರ್ ಬ್ಯಾಂಡ್ ಸುತ್ತಿದ ಒಂದು ಕಂತೆ ರಟ್ಟಿನ ಚೀಟಿಗಳನ್ನು ತೆಗೆದು, ಮಂಡಕ್ಕಿ ಮೆಲ್ಲುತ್ತಲೇ ಒಂದೊಂದಾಗಿ ತಿರುವಿ ನೋಡತೊಡಗಿದ. ಇಸ್ಪೀಟಿನ ಕಟ್ಟೆಂದು ನನಗೆ ಮೊದಲು ಅನುಮಾನವಾಯಿತು! ಕೇಳಿದರೆ ಜಪಾನಿ ಭಾಷೆಯ ಪದಗಳಂತೆ. ಡಿಸೆಂಬರಿನ ಮೊದಲ ಭಾನುವಾರ ಪರೀಕ್ಷೆ.

"ಎಷ್ಟು ಪದ ಇವೆಯಪ್ಪಾ?" ಎಂದೆ.

"ಹತ್ತು ಸಾವಿರ ಸರ್," ಎಂದ.

ಆ ಮಾತು ಕೇಳಿ ನನಗೆ ಅಭಿಮಾನದೊಡನೆ ಸ್ವಲ್ಪ ನಾಚಿಕೆಯೂ ಆಯಿತು. ಕಾರಣವನ್ನು ಮುಚ್ಚಿಡುವುದಿಲ್ಲ. ಈತ ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ದಿನ ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದರು. ಕನ್ನಡ ಹಾಗೂ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ನಾನು ಆ ಅವಧಿಗೆ ಹೋಗಿ ಹತ್ತು ಪದಗಳ ಉಕ್ತಲೇಖನ ಕೊಟ್ಟಿದ್ದೆ. ಈತನದು ಹತ್ತಕ್ಕೆ ಎಂಟು ತಪ್ಪು. ಇಡೀ ತರಗತಿಯ ಎದುರು, "ನಿನಗೆ ಭಾಷೆ ಹತ್ತುವುದಿಲ್ಲ ಕಣಯ್ಯಾ, ಲೆಕ್ಕವನ್ನಾದರೂ ಗಟ್ಟಿ ಮಾಡಿಕೋ" ಎಂದುಬಿಟ್ಟಿದ್ದೆ. ನಾನು ಮರೆತಿದ್ದೆ, ಆತ ಮರೆತಿರಲಿಲ್ಲ. ಅಂದು ನಗುತ್ತಲೇ ನೆನಪಿಸಿದ. ಆ ನಗುವಿಗೆ ನನ್ನ ಬಳಿ ಉತ್ತರವಿರಲಿಲ್ಲ.

ವಿಷಯ ಇಷ್ಟು. ಈತ ಕೆಳಗಿನ ಹಂತಗಳನ್ನೆಲ್ಲ ಪಾಸು ಮಾಡಿ, ಕೊನೆಯ ಹಾಗೂ ಅತ್ಯಂತ ಕಠಿಣವಾದ ಹಂತದಲ್ಲಿ ಎರಡು ಸಲ ಅನುತ್ತೀರ್ಣನಾಗಿದ್ದಾನೆ. ಎರಡನೆಯ ಸಲವಂತೂ ಒಟ್ಟು 180ಕ್ಕೆ 104 ಅಂಕ ಬಂದಿತ್ತು. ತೇರ್ಗಡೆಗೆ 100 ಸಾಕು. ಆದರೆ ಮೂರು ವಿಭಾಗಗಳಲ್ಲಿ ಪ್ರತಿಯೊಂದರಲ್ಲೂ 60ಕ್ಕೆ ಕನಿಷ್ಠ 19 ಬರಲೇಬೇಕೆಂಬ ನಿಯಮವಿದೆ. ಪದ ಮತ್ತು ವ್ಯಾಕರಣದ ವಿಭಾಗದಲ್ಲಿ ಈತನಿಗೆ 17 ಬಂದಿತ್ತು. ಕಾರ್ಖಾನೆಯಲ್ಲಿ ಜಪಾನಿಯರೊಡನೆ ದಿನವೂ ಮಾತಾಡಿ ಕಿವಿ ಪಳಗಿದೆ, ಹಾಗಾಗಿ ಆಲಿಸುವ ವಿಭಾಗದಲ್ಲಿ ಧಾರಾಳವಾಗಿ ಅಂಕ ಬರುತ್ತದೆ. ಪದಗಳಲ್ಲಿ ಮಾತ್ರ ಮುಗ್ಗರಿಸುತ್ತಾನೆ. ಈ ಹಂತ ದಾಟಿದರೆ ಕುಟುಂಬದೊಡನೆ ಮೂರು ವರ್ಷ ಜಪಾನಿಗೆ ಹೋಗುವ ಅವಕಾಶವಿದೆಯಂತೆ. ದಾಟದಿದ್ದರೆ ಆ ಸ್ಥಾನ ಕಿರಿಯನೊಬ್ಬನಿಗೆ ಹೋಗುತ್ತದೆ. "ಬಹುಶಃ ನೀವು ಅವತ್ತು ಹೇಳಿದ್ದೇ ನಿಜ ಇರಬೇಕು ಸರ್" ಎಂದ. ಆ ಮಾತು ಆ ರಾತ್ರಿ ನನ್ನನ್ನು ನಿದ್ರೆ ಮಾಡಗೊಡಲಿಲ್ಲ. ಮುಂದಿನ ಎರಡು ದಿನ ಆತ ಊರಿನಲ್ಲಿದ್ದಷ್ಟು ಹೊತ್ತೂ ನಾವಿಬ್ಬರೂ ಆ ಚೀಟಿಗಳ ಮುಂದೆ ಕುಳಿತೆವು. ಅಲ್ಲಿ ನಾನು ಕಂಡದ್ದನ್ನೂ, ಆ ಬಳಿಕ ಓದಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಪರೀಕ್ಷೆಯ ಇತಿಹಾಸ. ಜಪಾನಿ ಭಾಷೆಯಲ್ಲಿ ಇದರ ಹೆಸರು 'ನಿಹೊಂಗೊ ನೋರ್ಯೊಕು ಶಿಕೆನ್', ಅಂದರೆ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ. ಇದು ಆರಂಭವಾದದ್ದು 1984ರಲ್ಲಿ. ಆ ವರ್ಷ ಜಗತ್ತಿನಾದ್ಯಂತ ಸುಮಾರು ಏಳು ಸಾವಿರ ಮಂದಿ ಕುಳಿತಿದ್ದರು. 2019ರಲ್ಲಿ ಆ ಸಂಖ್ಯೆ ಹತ್ತು ಲಕ್ಷವನ್ನು ದಾಟಿತು. 2009ರವರೆಗೆ ನಾಲ್ಕು ಹಂತಗಳಿದ್ದವು. ಅತ್ಯಂತ ಕೆಳಗಿನ ಹಂತಕ್ಕೆ ಸುಮಾರು 800 ಪದ ಮತ್ತು 100 ಚಿತ್ರಾಕ್ಷರ, ಅತ್ಯಂತ ಮೇಲಿನದಕ್ಕೆ ಸುಮಾರು 10,000 ಪದ ಮತ್ತು 2,000 ಚಿತ್ರಾಕ್ಷರ ಎಂದು ಗೊತ್ತುಪಡಿಸಿದ್ದರು. 2010ರಿಂದ ಐದು ಹಂತಗಳಾಗಿವೆ, ಎನ್-5ರಿಂದ ಎನ್-1ರವರೆಗೆ. ಅಲ್ಲಿಂದಾಚೆಗೆ ಅಧಿಕೃತ ಪದಪಟ್ಟಿಯನ್ನು ಪ್ರಕಟಿಸುವುದಿಲ್ಲ. ಪಠ್ಯಪುಸ್ತಕವಿಲ್ಲದೆ ಪರೀಕ್ಷೆ ಬರೆಯಿರೆಂದು ಹೇಳಿದಂತಾಯಿತು! ನಮ್ಮ ದೇಶದಲ್ಲಿ ದೆಹಲಿ, ಪುಣೆ, ಚೆನ್ನೈಗಳಂತೆ ಬೆಂಗಳೂರೂ ಒಂದು ಪರೀಕ್ಷಾ ಕೇಂದ್ರ.

ಜಪಾನಿಗೂ ಕರ್ನಾಟಕಕ್ಕೂ ಇರುವ ನಂಟು ಬಿಡದಿಯ ಕಾರ್ಖಾನೆಯಿಂದ ಶುರುವಾದದ್ದೆಂದು ಹಲವರು ತಿಳಿದಿದ್ದಾರೆ. ಟೊಯೋಟಾ ಕಿರ್ಲೋಸ್ಕರ್ ಅಲ್ಲಿಗೆ ಬಂದದ್ದು 1997ರಲ್ಲಿ, ನಿಜ. ಆದರೆ ಅದಕ್ಕೆ ನೂರು ವರ್ಷ ಮೊದಲೇ, 1898ರಲ್ಲಿ, ವಿಶ್ವೇಶ್ವರಯ್ಯನವರು ರಜೆ ಹಾಕಿ ಜಪಾನನ್ನು ನೋಡಿಬಂದಿದ್ದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಜಮ್‌ಶೆಡ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನಿ ತಜ್ಞರ ನೆರವಿನಿಂದ ರೇಷ್ಮೆ ತೋಟವನ್ನು ಸ್ಥಾಪಿಸಿದ್ದರು. ಬಸವನಗುಡಿಯ ಕಡೆ 'ಟಾಟಾ ಸಿಲ್ಕ್ ಫಾರ್ಮ್' ಎಂಬ ಹೆಸರು ಇಂದಿಗೂ ಉಳಿದಿದೆ. ಆದರೆ ನಾನು ಹೇಳಹೊರಟ ನಂಟು ಇವೆಲ್ಲಕ್ಕಿಂತ ಹಳೆಯದು.

ಚೀಟಿಗಳನ್ನು ಆತ ಜಪಾನಿ ಅಕ್ಷರಾನುಕ್ರಮದಲ್ಲಿ ಜೋಡಿಸಿದ್ದ. ಆ ಕ್ರಮ ಯಾವುದೆಂದು ಕೇಳಿದೆ. ಆತ ಹೇಳಿದ: ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ.

ನಾನು ನೆಟ್ಟಗೆ ಕುಳಿತೆ. ಮೂವತ್ತು ವರ್ಷ ವರ್ಣಮಾಲೆಯನ್ನು ಬೋಧಿಸಿದವನಿಗೆ ಇದು ಕಾಣದೆ ಹೋದೀತೆ? ಕವರ್ಗಕ್ಕೆ ಕ. ಚವರ್ಗದ ಸ್ಥಾನದಲ್ಲಿ ಸ. ಟವರ್ಗ ತವರ್ಗಗಳೆರಡಕ್ಕೂ ಸೇರಿ ತ, ಅದರ ಅನುನಾಸಿಕ ನ. ಪವರ್ಗದ ಸ್ಥಾನದಲ್ಲಿ ಹ, ಅದರ ಅನುನಾಸಿಕ ಮ. ಬಳಿಕ ಅವರ್ಗೀಯಗಳಾದ ಯ, ರ, ವ. ಅವರಲ್ಲಿ ಲಕಾರವಿಲ್ಲ, ಆದ್ದರಿಂದ ಬಿಟ್ಟುಹೋಗಿದೆ. ಅಷ್ಟೇ ವ್ಯತ್ಯಾಸ! ಪಕಾರದ ಜಾಗಕ್ಕೆ ಹಕಾರ ಹೇಗೆ ಬಂತು ಎಂಬ ಪ್ರಶ್ನೆಗೆ ಕನ್ನಡದ ವಿದ್ಯಾರ್ಥಿ ತಡವರಿಸಬೇಕಾಗಿಲ್ಲ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೊಲ ಹೊಲವಾಯಿತು. ಜಪಾನಿ ಭಾಷೆಯಲ್ಲೂ ಪ್ರಾಚೀನ ಪಕಾರವೇ ಕಾಲಕ್ರಮದಲ್ಲಿ ಹಕಾರವಾಗಿದೆ. ಅವರ 'ಹ' ಅಕ್ಷರಕ್ಕೆ ಎರಡು ಗೀಟು ಹಾಕಿದರೆ 'ಬ' ಆಗುವುದೂ, ಸಣ್ಣ ಸೊನ್ನೆ ಹಾಕಿದರೆ 'ಪ' ಆಗುವುದೂ ಅದರ ಗುರುತು. ಹತ್ತು ವರ್ಷ ಆ ಅಕ್ಷರಗಳನ್ನು ಬರೆದ ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಆತ ತನ್ನ ಚೀಟಿಗಳನ್ನೇ ಹೊಸದಾಗಿ ನೋಡುವವನಂತೆ ನೋಡಿದ.

ಈ ಕ್ರಮ ಅಲ್ಲಿಗೆ ಹೋದದ್ದು ಬೌದ್ಧ ಭಿಕ್ಷುಗಳ ಮೂಲಕ. ಕ್ರಿ.ಶ. 736ರಲ್ಲಿ ದಕ್ಷಿಣ ಭಾರತದ ಬೋಧಿಸೇನನೆಂಬ ಭಿಕ್ಷು ಚೀನಾದ ಮಾರ್ಗವಾಗಿ ಜಪಾನನ್ನು ತಲುಪಿದನು. 752ರಲ್ಲಿ ನಾರಾ ನಗರದ ತೋದಾಯ್‌ಜಿ ದೇವಾಲಯದ ಮಹಾಬುದ್ಧನ ಕಂಚಿನ ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡಿದವನು ಇವನೇ. ಕುಂಚಕ್ಕೆ ಉದ್ದನೆಯ ದಾರಗಳನ್ನು ಕಟ್ಟಿ, ನೆರೆದವರೆಲ್ಲ ಆ ದಾರಗಳನ್ನು ಹಿಡಿದುಕೊಂಡು ಆ ಪುಣ್ಯಕಾರ್ಯದಲ್ಲಿ ಪಾಲುಗೊಂಡರಂತೆ. ಆ ಕುಂಚವನ್ನು ಜಪಾನಿಯರು ಇಂದಿಗೂ ಶೋಸೋಯಿನ್ ಎಂಬ ಭಂಡಾರದಲ್ಲಿ ಕಾಪಾಡಿಕೊಂಡಿದ್ದಾರೆ. ನನ್ನ ವಿದ್ಯಾರ್ಥಿಗಳು ಕಾಲವನ್ನು ಹೊಂದಿಸಿಕೊಳ್ಳಲಿ: ಅದು ನಮ್ಮಲ್ಲಿ ಬಾದಾಮಿ ಚಾಲುಕ್ಯರ ಕೊನೆಗಾಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಆಗಿನ್ನೂ ಹೊಸದು.

ಮುಂದೆ 804ರಲ್ಲಿ ಕೂಕಾಯ್ ಎಂಬ ಜಪಾನಿ ಭಿಕ್ಷು ಚೀನಾಕ್ಕೆ ಹೋಗಿ, ಅಲ್ಲಿದ್ದ ಪ್ರಜ್ಞನೆಂಬ ಭಾರತೀಯ ವಿದ್ವಾಂಸನಿಂದ ಸಂಸ್ಕೃತ ಕಲಿತು, 806ರಲ್ಲಿ ಗ್ರಂಥಗಳೊಡನೆ ಹಿಂದಿರುಗಿದನು. ಆ ಗ್ರಂಥಗಳ ಲಿಪಿಯ ಹೆಸರು 'ಸಿದ್ಧಂ'. ಜಪಾನಿಯರ ಬಾಯಲ್ಲಿ 'ಶಿತ್ತಾನ್'. ನಮ್ಮ ನೆರೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ ಆರಂಭವಾಗುವುದೂ 'ಸಿದ್ಧಂ' ಎಂಬ ಮಂಗಳಪದದಿಂದಲೇ. ಹತ್ತನೆಯ ತರಗತಿಯ ಪ್ರವಾಸದಲ್ಲಿ ಆ ಕಂಬದ ಮುಂದೆ ನಿಂತು ನಾನು ಉಪನ್ಯಾಸ ಮಾಡುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತಿದ್ದವರು ಯಾರಾರೆಂಬುದು ನನಗೆ ಚೆನ್ನಾಗಿ ನೆನಪಿದೆ! ಜಪಾನಿನ ಸ್ಮಶಾನಗಳಲ್ಲಿ ಗೋರಿಯ ಹಿಂದೆ ನಿಲ್ಲಿಸುವ ಮರದ ಹಲಗೆಗಳ ಮೇಲೆ ಇಂದಿಗೂ ಈ ಸಿದ್ಧಂ ಲಿಪಿಯ ಬೀಜಾಕ್ಷರಗಳನ್ನು ಬರೆಯುತ್ತಾರೆ. ಆ ಹಲಗೆಗೆ 'ಸೊತೋಬಾ' ಎಂದು ಹೆಸರು. ನಮ್ಮ ಸ್ತೂಪವೇ ಅದು.

ಸಿದ್ಧಂ ಓದಿದ ಭಿಕ್ಷುಗಳು ತಮ್ಮ ಭಾಷೆಯ ಧ್ವನಿಗಳನ್ನೂ ಭಾರತೀಯ ಕ್ರಮದಲ್ಲಿ ಜೋಡಿಸಿದರು. ಹನ್ನೊಂದನೆಯ ಶತಮಾನದ ಗ್ರಂಥಗಳಲ್ಲಿ ಈ ಜೋಡಣೆ ಕಾಣಸಿಗುತ್ತದೆ. ಆದರೆ ಅದು ಪಂಡಿತರ ಸೊತ್ತಾಗಿಯೇ ಉಳಿಯಿತು. ಜನಸಾಮಾನ್ಯರು ಬಹುಕಾಲ ಬಳಸಿದ್ದು 'ಇರೋಹಾ' ಎಂಬ ಪದ್ಯದ ಕ್ರಮವನ್ನು; ಪ್ರತಿ ಅಕ್ಷರವೂ ಒಂದೇ ಒಂದು ಸಲ ಬರುವಂತೆ ಹೆಣೆದ ಪದ್ಯವದು. ಭಾರತೀಯ ಕ್ರಮಕ್ಕೆ ಮನೆಮನೆಯಲ್ಲಿ ಜಾಗ ಸಿಕ್ಕಿದ್ದರಲ್ಲಿ ಒಬ್ಬ ನಿಘಂಟುಕಾರನ ಪಾತ್ರ ದೊಡ್ಡದು.

ಅವನ ಹೆಸರು ಓತ್ಸುಕಿ ಫುಮಿಹಿಕೊ. ಸರ್ಕಾರ 1875ರಲ್ಲಿ ಇವನಿಗೆ ಜಪಾನಿ ನಿಘಂಟಿನ ಕೆಲಸವನ್ನು ವಹಿಸಿತು. ಹತ್ತು ವರ್ಷಕ್ಕೂ ಹೆಚ್ಚು ದುಡಿದು ಹಸ್ತಪ್ರತಿ ಮುಗಿಸಿ ಒಪ್ಪಿಸಿದರೆ, ಸರ್ಕಾರ ಅದನ್ನು ಅಚ್ಚು ಹಾಕಿಸದೆ ಸುಮ್ಮನೆ ಇಟ್ಟುಕೊಂಡು, ಕೊನೆಗೆ 'ಸ್ವಂತ ಖರ್ಚಿನಲ್ಲಿ ಬೇಕಾದರೆ ಮುದ್ರಿಸಿಕೊ' ಎಂದು ಹಿಂದಿರುಗಿಸಿತು. (ಸರ್ಕಾರಗಳ ರೀತಿ ಎಲ್ಲ ಕಡೆಯೂ ಒಂದೇ.) 1889ರಿಂದ 1891ರವರೆಗೆ 'ಗೆಂಕಾಯ್' ಎಂಬ ಹೆಸರಿನಲ್ಲಿ ನಿಘಂಟು ಹೊರಬಂದಿತು. ಹೆಸರಿನ ಅರ್ಥ ಪದಸಾಗರ. ಅಚ್ಚಿನ ಕೊನೆಯ ಹಂತದಲ್ಲಿ, 1890ರ ಚಳಿಗಾಲದಲ್ಲಿ, ಒಂದು ತಿಂಗಳ ಆಸುಪಾಸಿನಲ್ಲೇ ಅವನ ಎಳೆಯ ಮಗಳೂ ಹೆಂಡತಿಯೂ ತೀರಿಕೊಂಡರು. ಆತ ಕರಡು ತಿದ್ದುವುದನ್ನು ಬಿಡಲಿಲ್ಲ.

ಇದನ್ನು ಓದುವಾಗ ನನಗೆ ಕಿಟ್ಟೆಲ್ಲರು ನೆನಪಾಗದೆ ಇರಲಿಲ್ಲ. ಅದೇ ದಶಕದಲ್ಲಿ, 1894ರಲ್ಲಿ, ಮಂಗಳೂರಿನಿಂದ ಎಪ್ಪತ್ತು ಸಾವಿರ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಅವರೂ ಪತ್ನಿಯನ್ನು ಕಳೆದುಕೊಂಡವರೇ, ನಿಘಂಟಿಗಾಗಿ ಕಣ್ಣಿನ ತೇಜಸ್ಸನ್ನು ಕಳೆದುಕೊಂಡವರೇ. ಕಿಟ್ಟೆಲ್ಲರಿಗೆ ಮೊದಲು, 1832ರಲ್ಲಿ, ಬಳ್ಳಾರಿಯ ಪಾದ್ರಿ ರೀವ್ ಕನ್ನಡ–ಇಂಗ್ಲಿಷ್ ನಿಘಂಟೊಂದನ್ನು ಹೊರತಂದಿದ್ದರು. ಅದಕ್ಕೂ ಮೊದಲು, 1812ರಲ್ಲಿ, ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಕಂಪನಿ ಸರ್ಕಾರ ಒಂದು ಕಾಲೇಜನ್ನು ತೆರೆದು, ವಿಲಾಯಿತಿಯಿಂದ ಬಂದ ಎಳೆಯ ಅಧಿಕಾರಿಗಳಿಗೆ ದೇಶಭಾಷೆಗಳಲ್ಲಿ ಪರೀಕ್ಷೆ ನಡೆಸುತ್ತಿತ್ತು. ಕನ್ನಡವೂ ಅವುಗಳಲ್ಲೊಂದು. ಅಲ್ಲಿಯೂ ಯಾರೋ ಒಬ್ಬ ಇಪ್ಪತ್ತರ ತರುಣ ದೀಪದ ಕೆಳಗೆ ಕುಳಿತು 'ಹಳ್ಳ', 'ಹಲ್ಲು', 'ಹುಲ್ಲು' ಎಂದು ಬಾಯಿಪಾಠ ಮಾಡಿದ್ದಿರಬೇಕು. ಇದನ್ನು ಹೇಳಿದಾಗ ನಮ್ಮವನು ಮನಸಾರೆ ನಕ್ಕ. ಬಂದಾಗಿನಿಂದ ಅದೇ ಮೊದಲ ಸಲ.

ಇರಲಿ, ಚೀಟಿಗಳಿಗೆ ಬರೋಣ. ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕನ್ನಡದ ಪದಗಳನ್ನು ವಿಂಗಡಿಸಿದ್ದನ್ನು ನೀವೆಲ್ಲ ಓದಿದ್ದೀರಿ: ತತ್ಸಮ, ತದ್ಭವ, ದೇಶ್ಯ ಇತ್ಯಾದಿ. ಜಪಾನಿ ಪದಗಳನ್ನೂ ಹಾಗೆಯೇ ವಿಂಗಡಿಸಬಹುದು. 'ವಾಗೊ' ಎಂದರೆ ಅಚ್ಚ ದೇಶ್ಯ. 'ಕಾಂಗೊ' ಎಂದರೆ ಚೀನೀ ಮೂಲದ್ದು; ನಮ್ಮಲ್ಲಿ ಸಂಸ್ಕೃತಕ್ಕಿರುವ ಸ್ಥಾನ ಅಲ್ಲಿ ಅದಕ್ಕೆ. 'ಗಾಯ್‌ರಾಯ್‌ಗೊ' ಎಂದರೆ ಇತರ ವಿದೇಶಗಳಿಂದ ಬಂದದ್ದು. ಮೇಲಿನ ಹಂತದ ಪರೀಕ್ಷೆಯಲ್ಲಿ ಕಾಡುವುದು ಈ ನಡುವಿನ ವರ್ಗ. ಚೀನೀ ಭಾಷೆಯಲ್ಲಿ ಸ್ವರದ ಏರಿಳಿತದಿಂದ ಪದಗಳು ಬೇರೆಬೇರೆಯಾಗಿ ಕೇಳುತ್ತವೆ. ಜಪಾನಿಗೆ ಬಂದಾಗ ಆ ಏರಿಳಿತ ಉದುರಿಹೋಗಿ, ಹಲವು ಪದಗಳು ಒಂದೇ ಉಚ್ಚಾರಣೆಗೆ ಇಳಿದವು. 'ಕಿಕಾನ್' ಎಂದರೆ ಅವಧಿ, ಸಂಸ್ಥೆಯೂ ಹೌದು, ದೇಹದ ಅಂಗವೂ, ಶ್ವಾಸನಾಳವೂ, ಹಿಂದಿರುಗುವುದೂ ಹೌದು. ಬರೆದಾಗ ಮಾತ್ರ ಬೇರೆ ಬೇರೆ. ಇಷ್ಟು ಸಾಲದೆಂಬಂತೆ ಒಂದೇ ಚಿತ್ರಾಕ್ಷರಕ್ಕೆ ಹಲವು ಓದುಗಳು. ಇದು ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು: ನಾವು 2 ಎಂಬ ಅಂಕಿಯನ್ನು ಬರೆದು 'ಎರಡು' ಎನ್ನುತ್ತೇವೆ, ಅದೇ ಅರ್ಥವನ್ನು 'ಇಮ್ಮಡಿ'ಯಲ್ಲಿ 'ಇಮ್' ಎಂದೂ, 'ದ್ವಿಗುಣ'ದಲ್ಲಿ 'ದ್ವಿ' ಎಂದೂ ಹೇಳುತ್ತೇವೆ. ಮೂರಕ್ಕೂ 2 ಎಂದೇ ಬರೆಯುವ ಪದ್ಧತಿ ನಮ್ಮಲ್ಲಿ ಇದ್ದಿದ್ದರೆ ಹೇಗಿರುತ್ತಿತ್ತೋ, ಅವರ ಭಾಷೆಯಲ್ಲಿ ಎರಡು ಸಾವಿರ ಅಕ್ಷರಗಳ ಕಥೆಯೂ ಹಾಗೆಯೇ.

ಈ ರಾಶಿಯ ನಡುವೆ ನಮ್ಮ ಪದಗಳು ಅಡಗಿವೆ. ಒಂದು ಚೀಟಿಯಲ್ಲಿ 'ಸೆತ್ಸುನಾ' ಎಂದಿತ್ತು, ಅರ್ಥ: ಅತ್ಯಲ್ಪ ಕಾಲ. ಹತ್ತು ಸಲ ಓದಿದರೂ ನಿಲ್ಲುತ್ತಿಲ್ಲ ಎಂದ. ಅದು ನಮ್ಮ 'ಕ್ಷಣ'. ಚೀನೀಯರು ಸಂಸ್ಕೃತ ಪದದ ಧ್ವನಿಯನ್ನು ತಮ್ಮ ಅಕ್ಷರಗಳಲ್ಲಿ ಹಿಡಿದರು, ಜಪಾನಿಯರು ಆ ಅಕ್ಷರಗಳನ್ನು ತಮ್ಮ ರೀತಿಯಲ್ಲಿ ಓದಿದರು. 'ನರಾಕು' ಎಂದರೆ ನರಕ. ಕಾಬುಕಿ ನಾಟಕಶಾಲೆಯಲ್ಲಿ ರಂಗದ ಕೆಳಗಿನ ಕತ್ತಲ ಕೋಣೆಗೂ ಅದೇ ಹೆಸರಂತೆ. 'ಎಮ್ಮಾ' ಎಂದರೆ ಯಮ. 'ಝೆನ್' ಎಂದು ಜಗತ್ತೆಲ್ಲ ಕೊಂಡಾಡುವುದು ನಮ್ಮ ಧ್ಯಾನ. 'ಕೆಸಾ' ಎಂಬುದು ಕಾಷಾಯ. ಮನೆಯ ಹೆಂಚಿಗೆ 'ಕವರಾ' ಎನ್ನುತ್ತಾರೆ. ಅದು 'ಕಪಾಲ'ದಿಂದ ಬಂದದ್ದೆಂದು ಬಹಳಷ್ಟು ವಿದ್ವಾಂಸರ ಮತ. 'ದನ್ನಾ' ಎಂದರೆ ಯಜಮಾನ, ಗಂಡ. ಇದು 'ದಾನ' ಎಂಬ ಪದ. ಮಠಕ್ಕೆ ದಾನ ಕೊಡುವವನು, ಆಮೇಲೆ ಪೋಷಕ, ಆಮೇಲೆ ಒಡೆಯ, ಕೊನೆಗೆ ಗಂಡ. ಒಳಗಿನಿಂದ ಇದನ್ನು ಕೇಳಿಸಿಕೊಂಡ ನನ್ನ ಮನೆಯವರು, "ದಾನ ಅಲ್ಲ, ದನ ಅಂತ ಇಟ್ಟುಕೊಂಡರೂ ಸರಿಹೋಗುತ್ತದೆ" ಎಂದರು. ಆ ಪದವಂತೂ ಆತನಿಗೆ ಮರೆಯುವುದಿಲ್ಲ.

ನನಗೆ ಅತ್ಯಂತ ಹಿಡಿಸಿದ ಪದ 'ಒಕ್ಕೂ'. 'ಕೂ' ಅಥವಾ 'ಕೋ' ಎಂದರೆ ಕಲ್ಪ, ಬ್ರಹ್ಮನ ಒಂದು ಹಗಲಿನಷ್ಟು ದೀರ್ಘಕಾಲ. 'ಒಕ್' ಎಂದರೆ ಹತ್ತು ಕೋಟಿ. ಹತ್ತು ಕೋಟಿ ಕಲ್ಪಗಳು ಎಂಬ ಭವ್ಯವಾದ ಪದ ಸವೆದು ಸವೆದು, ಈಗ ಅದಕ್ಕೆ 'ಮಾಡಲು ಬೇಸರ ಹುಟ್ಟಿಸುವಂಥದ್ದು' ಎಂಬ ಅರ್ಥ ಬಂದಿದೆ. ಬಟ್ಟೆ ಮಡಚುವುದು ಒಕ್ಕೂ, ಬ್ಯಾಂಕಿಗೆ ಹೋಗುವುದು ಒಕ್ಕೂ. ಹತ್ತು ಸಾವಿರ ಪದ ಬಾಯಿಪಾಠ ಮಾಡುವುದನ್ನು ಹೇಳಲು ಇದಕ್ಕಿಂತ ತಕ್ಕ ಪದ ಬೇರೆ ಇಲ್ಲ.

ಹಾಗೆಂದು ಜಪಾನಿ ಭಾಷೆಯೇ ನಮ್ಮಿಂದ ಹುಟ್ಟಿತೆಂದು ಯಾರೂ ಹೊರಡಬಾರದು. ಇಂತಹ ಸಂಸ್ಕೃತ ಮೂಲದ ಪದಗಳು ಆ ರಾಶಿಯಲ್ಲಿ ಅತ್ಯಲ್ಪ. ಒನೊ ಸುಸುಮು ಎಂಬ ಪ್ರಸಿದ್ಧ ವಿದ್ವಾಂಸರು ತಮಿಳಿಗೂ ಜಪಾನಿಗೂ ನೇರ ಸಂಬಂಧವಿದೆಯೆಂದು ಬಹುಕಾಲ ವಾದಿಸಿದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ಎರಡು ಮನೆಗಳ ಬಾಗಿಲು ಒಂದೇ ದಿಕ್ಕಿಗಿದ್ದ ಮಾತ್ರಕ್ಕೆ ಒಡೆಯರು ದಾಯಾದಿಗಳಾಗುವುದಿಲ್ಲ. ಆದರೆ ಬಾಗಿಲು ಒಂದೇ ದಿಕ್ಕಿಗಿದೆ ಎಂಬುದೇನೂ ಸುಳ್ಳಲ್ಲ! ಕ್ರಿಯಾಪದ ಕೊನೆಗೆ ಬರುತ್ತದೆ. ವಿಭಕ್ತಿ ಪದದ ಹಿಂದೆ ಸೇರುತ್ತದೆ. 'ತಬೆತೆ' ಎಂದರೆ ತಿಂದು, 'ಮಿರು' ಎಂದರೆ ನೋಡು. 'ತಬೆತೆ ಮಿರು' ಎಂದರೆ ತಿಂದು ನೋಡು. ಬಾಯಿಂದ ತಿನ್ನುವುದನ್ನು ಕಣ್ಣಿನಿಂದ ನೋಡುವ ಈ ವಿಚಿತ್ರ ನಮಗೂ ಅವರಿಗೂ ಸಹಜ, ಇಂಗ್ಲಿಷಿನವರಿಗೆ ವಿವರಿಸಬೇಕು. 'ಕಾಯ್ತೆ ಒಕು' ಎಂದರೆ ಬರೆದಿಡು. ಮಳೆಗೆ ನಮ್ಮಲ್ಲಿ 'ಜಿಟಿಜಿಟಿ', 'ಧೋ' ಎಂಬ ಅನುಕರಣಾವ್ಯಯಗಳಿರುವಂತೆ ಅವರಲ್ಲಿ 'ಶಿತೊಶಿತೊ', 'ಝಾಝಾ'. ಪರೀಕ್ಷೆಯಲ್ಲಿ ಇಂಥವನ್ನೂ ಕೇಳುತ್ತಾರಂತೆ. ವಿದೇಶೀಯರೆಲ್ಲ ಹೆದರುವ ಈ ಭಾಗದಲ್ಲಿ ಕನ್ನಡ ಮಾಧ್ಯಮದ ಹುಡುಗ ಹೆದರಬೇಕಾದ ಅಗತ್ಯವಿಲ್ಲ ಎಂದು ಹೇಳಿದೆ. ಮೂರು ವರ್ಷದಿಂದ ಆತ ಪದಗಳನ್ನು ಕಲಿಯುತ್ತಿದ್ದುದು ಇಂಗ್ಲಿಷ್ ಅರ್ಥಗಳ ಮೂಲಕ. ಪದಪಟ್ಟಿಯ ಪುಸ್ತಕಗಳೆಲ್ಲ ಹಾಗೆಯೇ ಇವೆ. ತನಗೆ ಮೊದಲೇ ಅಳುಕಿದ್ದ ಭಾಷೆಯ ಕಿಟಕಿಯಿಂದ ಇನ್ನೊಂದು ಭಾಷೆಯನ್ನು ಇಣುಕುತ್ತಿದ್ದ.

ಆ ಎರಡು ದಿನ ನಾವು ಮಾಡಿದ ಕೆಲಸವೆಂದರೆ, ಸುಮಾರು ಮುನ್ನೂರು ಚೀಟಿಗಳ ಹಿಂಬದಿಯಲ್ಲಿ ಇಂಗ್ಲಿಷನ್ನು ಹೊಡೆದುಹಾಕಿ ಕನ್ನಡದ ಅರ್ಥ ಬರೆದದ್ದು. ಅಕ್ಷರ ನನ್ನದು, ವಿವರಣೆ ಆತನದು. ಕೆಲವಕ್ಕೆ ಒಳ್ಳೆಯ ಕನ್ನಡ ಪದ ಹೊಳೆಯದೆ ನಾನೇ ನಿಘಂಟು ತೆಗೆಯಬೇಕಾಯಿತು. ಕೊನೆಯ ದಿನ ಸಂಜೆ, ಒಂಬತ್ತನೆಯ ತರಗತಿಯಲ್ಲಿ ಅಂದು ಹೇಳಿದ ಮಾತು ತಪ್ಪಾಗಿತ್ತು ಎಂದು ಆತನಿಗೆ ಹೇಳಿದೆ. "ಬಿಡಿ ಸರ್, ಯಾವ ಕಾಲದ್ದು" ಎಂದು ಚೀಟಿಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿದ.

ಬೆಳಗಿನ ಬಸ್ಸಿಗೆ ಹೊರಟಾಗ ಜಗಲಿಯಲ್ಲಿ ನಿಂತು 'ಇತ್ತೆ ಕಿಮಾಸು' ಎಂದ. ಮನೆಯಿಂದ ಹೊರಡುವ ಪ್ರತಿ ಜಪಾನಿಯೂ ಹೇಳುವ ಮಾತದು. 'ಇತ್ತೆ' ಎಂದರೆ ಹೋಗಿ, 'ಕಿಮಾಸು' ಎಂದರೆ ಬರುತ್ತೇನೆ. ನಮ್ಮಲ್ಲಿ ಹಿರಿಯರು 'ಹೋಗುತ್ತೇನೆ' ಎನ್ನಬಾರದೆಂದು ತಿದ್ದಿ ಹೇಳಿಸುತ್ತಿದ್ದ ಅದೇ ಮಾತು.

ಇನ್ನೂ ಒಂಬತ್ತು ಸಾವಿರಕ್ಕೂ ಮಿಕ್ಕಿ ಚೀಟಿಗಳು ಬಾಕಿ ಇವೆ. ವಾರಕ್ಕೊಮ್ಮೆ ಆತ ಫೋನಿನಲ್ಲಿ ಐವತ್ತು ಪದ ಕಳಿಸುವುದು, ನಾನು ಕನ್ನಡದ ಅರ್ಥ ಬರೆದು ಹಿಂದಿರುಗಿಸುವುದು ಎಂದು ಒಪ್ಪಂದವಾಗಿದೆ. ಈ ಬರಹ ಓದುವ ನಿಮ್ಮಲ್ಲಿ ಯಾರಾದರೂ ಜಪಾನಿನಲ್ಲಿದ್ದರೆ, ಇಲ್ಲವೇ ಆ ಭಾಷೆ ಬಲ್ಲವರಾಗಿದ್ದರೆ, ನನ್ನ ತಪ್ಪುಗಳನ್ನು ಸಂಕೋಚವಿಲ್ಲದೆ ತಿದ್ದಿ ತಿಳಿಸಿರಿ. ವಿಶೇಷವಾಗಿ 'ಗಾಮಾನ್' ಎಂಬ ಪದಕ್ಕೆ ತಕ್ಕ ಕನ್ನಡ ಬೇಕಾಗಿದೆ. ಬೌದ್ಧಗ್ರಂಥಗಳಲ್ಲಿ ಅದಕ್ಕೆ ಅಹಂಭಾವ ಎಂಬರ್ಥವಿತ್ತು. ಇಂದಿನ ಜಪಾನಿಯರಿಗೆ ಅದು ಹಲ್ಲುಕಚ್ಚಿ ತಾಳಿಕೊಳ್ಳುವುದು. ಸೈರಣೆ ಎಂದು ಬರೆದಿದ್ದೇನೆ, ಆದರೆ ಸಮಾಧಾನವಾಗಿಲ್ಲ.